ದಾರದ ಕಂಬಿ

ದರ್ಜಿ ತಂಗಿಗೆ ಒಂದು ಹಟವಿತ್ತು. ಕೆಲಸ ಪೂರ್ತಿ ಮುಗಿಯದೆ ಯಾರಿಗೂ ತೋರಿಸುವಂತಿಲ್ಲ. ಅಂಗಿಗೆ ಕೊನೆಯ ಗುಂಡಿ ಬೀಳುವವರೆಗೆ ಗಿರಾಕಿ ಬಾಗಿಲಾಚೆಯೇ ನಿಲ್ಲಬೇಕು. ಒಡಹುಟ್ಟಿದ ಅಣ್ಣನಿಗೂ ಅದೇ ಕಾನೂನು.

ಅಣ್ಣ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು. ದೃಷ್ಟಿ ಉಳಿಯುವುದಿಲ್ಲವೆಂದು ವೈದ್ಯರು ಕೈಚೆಲ್ಲಿದಾಗ ಅವನು ಕೇಳಿದ್ದು ಒಂದೇ. "ನನ್ನ ಹಡಗನ್ನ ಕಾಗದದಲ್ಲಿ ಇದ್ದಹಾಗೇ ಮಾಡ್ಕೊಡೇ. ಕಣ್ಣು ಹೋಗೋದ್ರೊಳಗೆ ಒಂದ್ಸಲ ನೋಡ್ಬೇಕು."

ಹಡಗಿನ ಮೈ ಬೇಗನೆ ಎದ್ದು ನಿಂತಿತು. ಸತಾಯಿಸಿದ್ದು ಅಂಚಿನ ಕಂಬಿಗಳು. ಕಾಗದವನ್ನೇ ಸಣ್ಣಗೆ ಸೀಳಿ ಅಂಟಿಸಿದರೆ ಉಸಿರು ತಾಕಿದರೂ ಮುರಿಯುತ್ತಿದ್ದವು. ಹೊಲಿಗೆ ದಾರ ಕಟ್ಟಿದರೆ ಆ ಪುಟ್ಟ ಹಡಗಿಗೆ ಬಾವಿಹಗ್ಗ ಸುತ್ತಿದಂತೆ ಕಾಣುತ್ತಿತ್ತು. ಕೊನೆಗೆ ದಾರದ ಹುರಿ ಬಿಚ್ಚಿ, ಒಂದೊಂದೇ ಎಳೆ ತೆಗೆದು, ರಟ್ಟಿನ ಚೌಕಟ್ಟಿಗೆ ಅಡ್ಡಕ್ಕೂ ಉದ್ದಕ್ಕೂ ಬಿಗಿದು, ತೆಳ್ಳಗೆ ಅಂಟು ಸವರಿ ಒಣಗಿಸಿದಳು. ಅದೂ ಅವಳ ಕಣ್ಣಿಗೆ ಸೊಟ್ಟ. ಬಿಚ್ಚಿದಳು, ಮತ್ತೆ ಬಿಗಿದಳು, ಮತ್ತೆ ಬಿಚ್ಚಿದಳು.

"ಕಂಬಿ ಇಲ್ದಿದ್ರೂ ಪರ್ವಾಗಿಲ್ಲ, ತೋರಿಸೇ ತಾಯಿ," ಎಂದು ಅಣ್ಣ ಗೋಗರೆಯುತ್ತಿದ್ದ.

"ಕಂಬಿ ಇಲ್ದೆ ಸಮುದ್ರಕ್ಕೆ ಬಿದ್ದುಬಿಟ್ಟೀಯ, ಸುಮ್ನಿರು," ಎಂದು ತಂಗಿ ನಗುತ್ತಿದ್ದಳು.

ಕಂಬಿ ಮುಗಿಯುವ ಹೊತ್ತಿಗೆ ಅಣ್ಣನಿಗೆ ಕಿಟಕಿ ಯಾವುದು, ಗೋಡೆ ಯಾವುದು ತಿಳಿಯುತ್ತಿರಲಿಲ್ಲ. ತಂಗಿ ತಪ್ಪಿತಸ್ಥಳಂತೆ ಹಡಗನ್ನು ತಂದು ಅವನ ಮುಂದಿಟ್ಟಳು. ಅವನು ಹಡಗಿನ ಮೂತಿಯಿಂದ ಹಿಂದಕ್ಕೆ ಬೆರಳಾಡಿಸುತ್ತ ಬಂದ. ಹೊಗೆಕೊಳವೆ ಸಿಕ್ಕಿತು, ಅಡುಗೆಮನೆಯ ಬಾಗಿಲು ಸಿಕ್ಕಿತು. ಮುಖ ಅರಳಿತು. "ಪಾತ್ರೆ ತೊಳೆದಾದ್ಮೇಲೆ ಹಿಂದ್ಗಡೆ ಕಂಬಿಗೆ ಒರಗಿ ನಿಲ್ತಿದ್ದೆ ಕಣೇ. ಎಲ್ಲಿದೆ ಅದು?" ಎಂದು ಬೆರಳು ಚಾಚಿದ.

"ಮುಟ್ಬೇಡ!" ತಂಗಿ ಕಿರುಚಿದಳು. "ಮುರಿದುಹೋಗುತ್ತೆ!" ಕಾಗದದ ಕಂಬಿಗಳು ಕಲಿಸಿದ ಭಯ ಅದು, ಇನ್ನೂ ಬಿಟ್ಟಿರಲಿಲ್ಲ.

ಬೈಸಿಕೊಂಡ ಮಗುವಿನಂತೆ ಅವನು ಕೈಯನ್ನು ಮಡಿಲಿಗೆ ಎಳೆದುಕೊಂಡ. "ಹೌದ್ಹೌದು, ಎಷ್ಟು ಕಷ್ಟಪಟ್ಟು ಮಾಡಿದ್ದೀಯ. ಚೆನ್ನಾಗೇ ಇರುತ್ತೆ ಬಿಡು," ಎಂದ. ಮತ್ತೆ ಹಡಗಿನ ಮಾತೆತ್ತಲಿಲ್ಲ. ಚಳಿಗಾಲ ಕಳೆಯುವ ಮೊದಲೇ ತೀರಿಕೊಂಡ.

ಈಗ ಹಡಗು ಹೊಲಿಗೆ ಯಂತ್ರದ ಪಕ್ಕದಲ್ಲಿದೆ. ಬಂದವರೆಲ್ಲ ಕಂಬಿಯನ್ನೇ ಹೊಗಳುತ್ತಾರೆ, ಅವಳು ತಲೆ ತಗ್ಗಿಸಿ ಯಂತ್ರ ತುಳಿಯುತ್ತಾಳೆ. ಒಂದು ಮಧ್ಯಾಹ್ನ ಧೂಳು ಒರೆಸುತ್ತಿದ್ದವಳು, ಹಾಳಾಗಿ ಹೋಗಲಿ ಎಂದು ಹಿಂಬದಿಯ ಕಂಬಿಯನ್ನು ಬೆರಳಿನಿಂದ ಒತ್ತಿಯೇಬಿಟ್ಟಳು. ಮುರಿದಿದ್ದರೆ ಅವಳ ಎದೆ ಎಷ್ಟೋ ಹಗುರಾಗುತ್ತಿತ್ತು.

ದಾರ ಬಾಗಿತು. ಬೆರಳು ತೆಗೆದೊಡನೆ ಮತ್ತೆ ನೆಟ್ಟಗೆ ನಿಂತಿತು.