ಬೇರು ನೋಡು

"ಮೂಸೇ! ನಿನ್ ಕೈ ನೀನೇ ಮೂಸ್ಕೊಂಡ್ ಹೇಳು. ಇಂಥ ಹೊಲಸು ಕೈ ಮುಟ್ಟಿದ್ರೆ ಯಾವ ಜೀವ ಉಳೀತದೆ?"

ನರ್ಸರಿಯ ಒಡೆಯ ಮೊಂಡಿಯ ಅಂಗೈಯನ್ನು ಕೋಲಿನ ತುದಿಯಿಂದ ಅವಳ ಮೂಗಿನವರೆಗೆ ಎತ್ತಿದ. ಎದುರು ಮಾತಾಡಿಯೇ ಆ ಹೆಸರು ಪಡೆದವಳು ಅವಳು. ಆದರೂ ಮೂಸಿದಳು. ಬರೀ ಮಣ್ಣಿನ ವಾಸನೆ. ಗೆರೆಗಳ ಸಂದಿಯಲ್ಲಿ ನೀಲಿ ಕೂತಿತ್ತು.

ಬದನೆ ಸಸಿಗಳ ಬೇರು ಗಂಟು ಕಟ್ಟಿದ್ದವು. ಕಣ್ಣಿಗೆ ಕಾಣದ ಹುಳು ಹೊಕ್ಕರೆ ಹೀಗಾಗುತ್ತದೆ. ಅದನ್ನು ತಡೆಯಲೆಂದೇ ಹೊಸ ಪುಡಿ ಬಂದಿತ್ತು. ಅದರಲ್ಲಿ ಮಣ್ಣಿನ ಒಳ್ಳೆಯ ಜೀವಾಣುಗಳಿವೆ, ನೀರಲ್ಲಿ ಕದಡಿ ಹುಯ್ದರೆ ಬೇರಿಗೆ ಕಾವಲು ಕೂರುತ್ತವೆ ಎಂದು ತಂದವನು ಒಡೆಯನಿಗೆ ಹೇಳಿದ್ದ. ಟ್ರೇ ತೊಳೆಯುತ್ತಿದ್ದ ಮೊಂಡಿಯ ಕಿವಿಗೂ ಅವನ ಎಚ್ಚರಿಕೆ ಬಿದ್ದಿತ್ತು. "ಜೀವ ಇರೋದು ಕಣ್ರೀ, ವಿಷದ ಜೊತೆ ಬೆರೆಸ್ಬೇಡಿ."

ಮೇಸ್ತ್ರಿ ಮೈಲುತುತ್ತದ ನೀಲಿ ವಿಷವಿದ್ದ ಡ್ರಮ್ಮಿಗೇ ಆ ಪುಡಿ ಸುರಿದಾಗ ಅವಳು ತಡೆದಿದ್ದಳು. "ಡ್ರಮ್ ತೊಳೆದಾದ್ರೂ ಹಾಕಪ್ಪಾ."

"ಎರಡೂ ಒಂದೇ ಸಲಕ್ಕೆ ಮುಗೀಲಿ ಅಂದವ್ರೆ ಒಡೇರು. ನೀನ್ಯಾವಳೇ ಕೇಳೋಕೆ?"

ಈಗ ಮೇಸ್ತ್ರಿ ನೆಲ ನೋಡುತ್ತಿದ್ದ.

"ನಿಮ್ಮಲ್ಲಿ ಯಾವಳೋ ಬೇಕಂತಲೇ ಕೆಡಿಸಿದ್ದಾಳೆ," ಒಡೆಯ ಗುಡುಗಿದ. "ಹಿಡ್ಕೊಟ್ಟವಳಿಗೆ ಮಾತ್ರ ಮುಂದೆ ಕೆಲಸ."

ಅಂದಿನಿಂದ ಹೆಂಗಸರು ಉಣ್ಣುವಾಗಲೂ ಒಬ್ಬರಿಗೊಬ್ಬರು ಬೆನ್ನು ಕೊಡದೆ ಕೂತರು. ಜೊತೆಗೇ ದುಡಿಯುತ್ತಿದ್ದ ಅತ್ತೆ ಸೊಸೆ ಮೊಂಡಿಯ ಸೆರಗಿನ ಗಂಟು ಬಿಚ್ಚಿ ನೋಡಿದಳು. "ಏನಾದ್ರೂ ಬೆರೆಸಿದ್ಯೇನೇ, ಹಾಳಾದೋಳೇ?"

"ನಿಮ್ಮಾಣೆಗೂ ಇಲ್ಲ ಅತ್ತೆ."

ಅತ್ತೆ ನಂಬಲಿಲ್ಲ.

ಮೂರನೇ ದಿನ ಗೇಣಿದಾರನೊಬ್ಬ ಸಸಿಗೆಂದು ಗಾಡಿ ತಂದ. ಒಡೆಯ ಅದೇ ಸಸಿಗಳನ್ನು ತೋರಿಸಿದ. ಎಲೆ ಇನ್ನೂ ಹಸಿರಾಗಿಯೇ ಇತ್ತು. "ಒಳ್ಳೆ ಜೀವಾಣು ಹಾಕಿ ಬೆಳೆಸಿದ್ದು. ಬೇರಿನ ಹತ್ರ ಹುಳು ಸುಳಿಯಲ್ಲ."

ಮೊಂಡಿ ಹೊತ್ತ ಟ್ರೇ ಇಳಿಸಿದಳು. ಒಂದು ಸಸಿ ಕಿತ್ತು, ಮಣ್ಣು ಕೊಡವಿ ಅವನ ಕೈಗಿಟ್ಟಳು.

"ಎಲೆ ನೋಡ್ಬೇಡ ಅಣ್ಣಾ. ಬೇರು ನೋಡು."

ಅವನು ಗಂಟುಗಳನ್ನು ನೋಡಿದ. ಕಣ್ಣು ಕಿರಿದಾಗಿಸಿ ಅವಳನ್ನೂ ನೋಡಿದ. "ನಿಂಗ್ಯಾರಮ್ಮಾ ಹೇಳ್ಕೊಟ್ಟೋರು? ಬೇರೆ ನರ್ಸರಿಯೋರಾ?"

ಮೊಂಡಿ ಇನ್ನೊಂದು ಸಸಿ ಕಿತ್ತಳು.

"ಬೋಸುಡಿ!" ಒಡೆಯ ನುಗ್ಗಿ ಬಂದ.

ಅಷ್ಟರಲ್ಲಿ ಅತ್ತೆ ನಡುವೆ ಬಂದು ನಿಂತಿದ್ದಳು. "ಮೊನ್ನೆ ನಮ್ ಕೈ ಮುಟ್ಟಿ ಜೀವಾಣು ಸತ್ವು ಅಂದ್ರಲ್ಲ ಒಡೇರೇ, ಇವತ್ತು ಮಾರೋಕೆ ಬದುಕಿದ್ವಾ?" ಎನ್ನುತ್ತಾ ಒಂದು ಟ್ರೇ ಒಡೆಯನ ಕಾಲಬುಡದಲ್ಲೇ ಬೋರಲು ಹಾಕಿದಳು. ಸಸಿಗಳು ಬೇರು ಮೇಲಾಗಿ ಬಿದ್ದವು.

"ಇಬ್ರಿಗೂ ಕೆಲ್ಸ ಹೋಯ್ತು, ಸಮಾಧಾನ ಆಯ್ತೇನೇ?" ಎಂದಳು ಸೊಸೆಯತ್ತ ತಿರುಗದೆ, ಇನ್ನೊಂದು ಟ್ರೇಗೆ ಕೈ ಹಾಕುತ್ತಾ.