ಮರ ತಾಳುವಷ್ಟು

ಮೂಟೆ ತೂಗುವ ಕಾಟಾದ ಕೊಕ್ಕೆ ಹಿಡಿದು ದೇವಪ್ಪ ನೇತಾಡುತ್ತಿದ್ದ. ಕಾಲು ನೆಲ ಬಿಟ್ಟಿತ್ತು. ಮುಳ್ಳು ನಡುಗಿ ನಡುಗಿ ಎಂಬತ್ತೊಂದರಲ್ಲಿ ನಿಂತಿತು.

"ಉಸಿರು ಬಿಡು ಮಾರಾಯ, ಅದಕ್ಕೆಂತ ತೂಕ ಇಲ್ಲ," ಅಂದರು ತೋಟದ ಯಜಮಾನರು ಗಣೇಶಮೂರ್ತಿ ಭಟ್ಟರು. "ಈ ಸಲ ಕೊಯ್ಲಿಗೆ ಕೆಳಗೆ ನಿಂತು ಹಗ್ಗ ಹಿಡಿ. ಮರ ಮುರಿದ್ರೆ ಬೇರೆ ನೆಡ್ತೇನೆ. ನಿನ್ನ ಎಲ್ಲಿಂದ ತರೋದು?"

ಅಡ್ಡಗದ್ದೆಯ ತೋಟಗಳಲ್ಲಿ ಇಪ್ಪತ್ತೈದು ವರ್ಷ ಅಡಿಕೆ ಕೊನೆ ಕೊಯ್ದು ಹಗ್ಗದಲ್ಲಿ ಇಳಿಸಿದವನು ಅವನು. ಒಂದು ಮರ ಹತ್ತಿದರೆ ಇಳಿಯುವ ಮಾತಿಲ್ಲ. ಅದನ್ನೇ ಅತ್ತಿತ್ತ ತೂಗಿ ಪಕ್ಕದ ಮರ ಹಿಡಿದು, ಹಾಗೇ ಹತ್ತು ಮರ ದಾಟುತ್ತಿದ್ದ. ಕೈ ಮುರಿದು ಒಂದು ವರ್ಷ ಮನೆಯಲ್ಲಿ ಕೂತದ್ದೇ ಮೈ ಬಂತು. ಈಗ ನಿದ್ದೆಯಲ್ಲಿ ಮಾತ್ರ ದಾಟುತ್ತಿದ್ದ.

ಕೊಯ್ಲಿಗೆ ನಾಲ್ಕು ತಿಂಗಳಿತ್ತು. ದೇವಪ್ಪ ಗಂಜಿ ಬಿಟ್ಟ, ಅನ್ನ ಬಿಟ್ಟ, ಕರಿ ಚಾ ಕುಡಿದುಕೊಂಡೇ ಇಪ್ಪತ್ತು ದಿನದಲ್ಲಿ ಆರು ಕಿಲೊ ಇಳಿದ. ಹಿಗ್ಗಿನಲ್ಲಿ ಪಾದಕ್ಕೆ ಹಗ್ಗದ ತಳೆ ಸಿಕ್ಕಿಸಿ ಮರ ಹತ್ತಿದ. ಅರ್ಧದಲ್ಲಿ ತೊಡೆ ಹತ್ತಿಯಂತಾಯಿತು. ಮರ ತಬ್ಬಿ ಜಾರಿ ಬಂದಾಗ ಎದೆಯ ಚರ್ಮ ಸುಲಿದಿತ್ತು.

ಮಗಳು ರಶ್ಮಿ ಬಾಳಗಡಿಯ ಕಾಲೇಜಿನಲ್ಲಿ ಕಬಡ್ಡಿ ಆಡುವವಳು. ಗಾಯಕ್ಕೆ ಕೊಬ್ಬರಿ ಎಣ್ಣೆ ಸವರುತ್ತಾ ಅಂದಳು, "ಅಪ್ಪಯ್ಯ, ನೀ ಬರೀ ಬೊಜ್ಜು ಇಳಿಸ್ಲಿಲ್ಲ. ಕಸುವೂ ಇಳಿಸ್ಕಂಡೆ."

"ಮುಳ್ಳು ಇಳೀತಲ್ಲೇ."

"ಮುಳ್ಳು ಹತ್ತುತ್ತಾ ಮರ?"

ಅಂದಿನಿಂದ ಮೊಳಕೆ ಹುರುಳಿ, ಮೊಟ್ಟೆ, ಮೊಸರು, ಅರ್ಧ ಅನ್ನ. ಮರಕ್ಕೆ ಬಾಳೆನಾರು ಕಟ್ಟಿ, ದಿನಾ ಅಲ್ಲಿಯವರೆಗೆ ಹತ್ತಿ ಇಳಿಯಬೇಕೆಂದಳು. ವಾರಕ್ಕೊಮ್ಮೆ ನಾರು ಒಂದು ಮೊಳ ಮೇಲೇರುತ್ತಿತ್ತು. ಕಾಟಾ ಮಾತ್ರ ಒಂದು ವಾರ ಅರ್ಧ ಕಿಲೊ, ಮತ್ತೊಂದು ವಾರ ಏನೂ ಇಲ್ಲ.

"ಎಂತ ನಿಧಾನ ಮಾರಾಯ್ತಿ."

"ಬೊಜ್ಜೇನು ಬಸ್ಸಲ್ಲಿ ಬಂದಿತ್ತಾ? ನಡ್ಕಂಡೇ ಬಂತು, ನಡ್ಕಂಡೇ ಹೋಗ್ಲಿ."

ಮಳೆ ಹಿಂದಾಯಿತು, ಮಂಜು ಬಂತು. ದಿನಗಳೂ ಮಂಜಿನೊಳಗೇ ನಡೆದು ಹೋದಂತಿದ್ದವು. ಕೊಯ್ಲು ಶುರುವಾಗುವ ಹೊತ್ತಿಗೆ ಮುಳ್ಳು ಎಪ್ಪತ್ತಕ್ಕೆ ಬಂತು. ಆ ಬೆಳಿಗ್ಗೆ ದೇವಪ್ಪ ಭಟ್ಟರನ್ನು ಕೇಳಲಿಲ್ಲ. ಕತ್ತಿ ಸೊಂಟಕ್ಕೆ ಸಿಕ್ಕಿಸಿ ಹತ್ತಿಯೇ ಬಿಟ್ಟ.

"ಒಂದೇ ಮರ ಸಾಕು, ಇಳಿ," ಎಂದು ಭಟ್ಟರು ಕೆಳಗಿನಿಂದ ಕೂಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರು ಮಂಜಿನಲ್ಲಿ ಕರಗಿದರು, ಆಮೇಲೆ ಅವರ ದನಿಯೂ. ನೆಲವೇ ಇರಲಿಲ್ಲ. ಬಿಳಿಯ ಹಾಲಿನ ಮೇಲೆ ಮರದ ತಲೆಗಳಷ್ಟೇ ತೇಲುತ್ತಿದ್ದವು. ಅವನು ಮೈ ಹಿಂದಕ್ಕೆ ವಾಲಿಸಿದ, ಮುಂದಕ್ಕೆ ತಂದ. ತೊಡೆ ಬಿಗಿಯಾಗಿ ಹಿಡಿದಿತ್ತು. ಮೂರನೇ ಸಲ ತೂಗಿದಾಗ ಮರ ಬಿಲ್ಲಿನಂತೆ ಬಾಗಿ, ಅವನನ್ನು ತಾಳಿಕೊಂಡು, ಪಕ್ಕದ ಮರದವರೆಗೆ ಒಯ್ದಿತು. ದೇವಪ್ಪ ಕೈ ಚಾಚಿದ.

ಅವನು ಬಿಟ್ಟ ಮರ ನಿಧಾನವಾಗಿ ನೆಟ್ಟಗಾಯಿತು. ಒಬ್ಬನೂ ಇಲ್ಲದೆ ಇನ್ನೂ ಎರಡು ಸಲ ಅತ್ತಿತ್ತ ತೂಗಿತು. ಗರಿಗಳಿಂದ ಮಂಜಿನ ಹನಿ ಉದುರಿತು.