ಒಂದೇ ಒಂದು ಸ್ಕ್ರೂ

“ಬಲಗಡೆ ಸ್ವಲ್ಪ ಎತ್ತಿ ಹಿಡೀರಪ್ಪಾ, ಮೆಟ್ಟಿಲಿದೆ!”

ಲೋನಪ್ಪನ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ವಾರುಣ್ಣಿ ಹಲ್ಲು ಕಚ್ಚಿ ಎತ್ತಿದ. ಮೂವತ್ತು ವರ್ಷ ಇಬ್ಬರದೂ ಎದುರುಬದುರು ಅಂಗಡಿ. ಇಬ್ಬರದೂ ಮೊಳೆ, ಚಿಲಕ, ಗುದ್ದಲಿಯ ವ್ಯಾಪಾರ. ಇನ್ನು ಒಲ್ಲೂರಿನ ಆ ಬೀದಿಗೆ ತಾನೊಬ್ಬನೇ. ಆದರೂ ಹೊಟ್ಟೆಕಿಚ್ಚು ಆರಲೊಲ್ಲದು. ಊರಿಗೆ ಊರೇ ಅಳುತ್ತಿತ್ತಲ್ಲ!

ಇಗರ್ಜಿಯ ಅಂಗಳದಲ್ಲಿ ಪಾದ್ರಿಗಾಗಿ ಕಾಯುವಾಗ ಮಾತು ಶುರುವಾಯಿತು.

“ನನ್ನ ಪಂಪಿಗೆ ಒಂದು ನಟ್ಟು ಹುಡುಕೋಕೆ ಊಟ ಬಿಟ್ಟು ಕೂತಿದ್ರು ಲೋನಪ್ಪಣ್ಣ,” ಎಂದ ತೋಟದ ಕುಂಜಪ್ಪು.

“ಇನ್ಮೇಲೆ ವಾರುಣ್ಣಿಯಣ್ಣ ಇದಾರಲ್ಲೋ. ಒಂದು ನಟ್ಟು ಕೇಳು, ಹನ್ನೆರಡರ ಪ್ಯಾಕೆಟ್ಟೇ ಕಟ್ಟಿಕೊಡ್ತಾರೆ!” ಎಂದ ದೇವಸ್ಸಿ. ಅಳುವವರೂ ನಕ್ಕರು.

ವಾರುಣ್ಣಿಯ ಹೆಂಡತಿ ತ್ರೇಸ್ಯ ಕಣ್ಣೊರೆಸಿಕೊಂಡಳು. “ನಮ್ಮ ಹಿತ್ತಲ ಬಾಗಿಲ ಚಿಲಕವೂ ಅವರೇ ಕೊಟ್ಟಿದ್ದು.”

ವಾರುಣ್ಣಿಯ ಮೈಯೆಲ್ಲ ಉರಿದುಹೋಯಿತು.

*

ವರ್ಷಗಳ ಹಿಂದೆ ಆ ಬಾಗಿಲಿಗಿದ್ದ ಮೊದಲಿನ ಚಿಲಕದ ಸ್ಕ್ರೂ ಒಂದು ಕಳೆದಿತ್ತು. ತರಲು ಹೇಳಿ ಹೇಳಿ ತ್ರೇಸ್ಯಳಿಗೆ ಬಾಯಿ ನೋವು ಬಂದಿತ್ತು.

“ಒಂದಕ್ಕೋಸ್ಕರ ಪ್ಯಾಕೆಟ್ ಹರಿಯೋದಾ?” ಎಂದಿದ್ದ ವಾರುಣ್ಣಿ.

ಎದುರಂಗಡಿಗೆ ಜನ ಹಳೆಯ ನಟ್ಟನ್ನೋ ಸ್ಕ್ರೂವನ್ನೋ ಅಂಗೈಯಲ್ಲಿಟ್ಟುಕೊಂಡು ಬರುತ್ತಿದ್ದರು. ಲೋನಪ್ಪನ್ ಬಿಡಿ ಸಾಮಾನಿನ ತನ್ನ ತಗಡಿನ ಡಬ್ಬವನ್ನು ಪೇಪರಿನ ಮೇಲೆ ಸುರಿದು, ಅದರ ಜೋಡಿ ಸಿಗುವ ತನಕ ಕೆದಕುತ್ತಿದ್ದ. ‘ಭಿಕಾರಿ ವ್ಯಾಪಾರ’ ಎಂದು ವಾರುಣ್ಣಿ ಮೂಗು ಮುರಿಯುತ್ತಿದ್ದ. ತಾನು ಸರಕು ತರಲು ಹೋದ ಹೊತ್ತಿನಲ್ಲಿ ತ್ರೇಸ್ಯಳೂ ಅಲ್ಲಿ ಅಂಗೈ ಚಾಚಿ, ಜೋಡಿ ಸಿಗದೆ ಬೇರೆ ಚಿಲಕವನ್ನೇ ತಂದಿದ್ದಳೆಂದು, ಹಿತ್ತಲ ಬಾಗಿಲತ್ತ ಕಣ್ಣೇ ಹಾಯಿಸದ ಅವನಿಗೆ ಈಗ ಗೊತ್ತಾಯಿತು.

*

ಮಣ್ಣು ಹಾಕಿ ಬಂದವನು ಅಂಗಿಯನ್ನೂ ಬಿಚ್ಚದೆ ಹಿತ್ತಲಿಗೆ ನುಗ್ಗಿದ. ಚಿಲಕ ಕಿತ್ತು ಬಾವಿಗೆ ಎಸೆದ. ಅದರ ಒಂದು ದಪ್ಪ ಸ್ಕ್ರೂ ಮಾತ್ರ ಹೊಸ್ತಿಲ ಮೇಲೆ ಉರುಳಿ ಉಳಿಯಿತು.

“ಏನು ಮನುಷ್ಯಾ ಇದು! ಬಾಗಿಲಿಗೇನು ಹಗ್ಗ ಕಟ್ಟಲಾ?” ಎಂದಳು ತ್ರೇಸ್ಯ.

“ನನ್ನ ಅಂಗಡೀಲಿ ಚಿಲಕಕ್ಕೆ ಬರವೇನೇ?”

ಥಳಥಳಿಸುವ ಹೊಸ ಚಿಲಕ ತಂದ. ಅದರ ಸ್ಕ್ರೂಗಳು ಹಳೆಯ ತೂತುಗಳಲ್ಲಿ ಸುಮ್ಮನೆ ಗಿರಗಿರ ತಿರುಗಿದವು. ಪಕ್ಕದಲ್ಲಿ ಹೊಸ ತೂತು ಕೊರೆಯಹೋದರೆ ಹಳೆಯ ಮರ ಪುಡಿಪುಡಿಯಾಗಿ ಉದುರಿತು. ಅಂಗಡಿಗೆ ಓಡಿ ಸ್ಕ್ರೂಗಳ ಒಂದು ಪ್ಯಾಕೆಟ್ ಹರಿದ, ಇನ್ನೊಂದು ಹರಿದ, ಏಳನೆಯದನ್ನೂ ಹರಿದ. ಒಂದೂ ಹೊಸ್ತಿಲ ಮೇಲಿದ್ದ ಆ ದಪ್ಪ ಸ್ಕ್ರೂಗೆ ಹೊಂದಲಿಲ್ಲ.

ಸಂಜೆಯ ಜಪಕ್ಕೆ ಹೊರಟಿದ್ದ ದೇವಸ್ಸಿ ಬೀದಿಯಲ್ಲಿ ನಿಂತುಬಿಟ್ಟ. ಲೋನಪ್ಪನ್‌ನ ಅಂಗಡಿಯ ಇಳಿಸಿದ ಶಟರಿನ ಮುಂದೆ ವಾರುಣ್ಣಿ ನಿಂತಿದ್ದ. ಚಾಚಿದ ಅಂಗೈಯಲ್ಲಿ ಆ ಹಳೆಯ ಸ್ಕ್ರೂ ಇತ್ತು.